ಚಿಕ್ಕಮಗಳೂರು ಜಿಲ್ಲಾಡಳಿತಕ್ಕೆ: ಸಲಕರಣೆ ಹಂಚುವ ಮುನ್ನ ಅಳತೆ, ಹಂಚಿದ ಮೇಲೆ ರಿಪೇರಿ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ ಹಾಗೂ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಅಧಿಕಾರಿಗಳಿಗೆ ನಮಸ್ಕಾರಗಳು.

ವಿಕಲಚೇತನರಿಗೆ, ವಯಸ್ಸಾದವರಿಗೆ ಸಾಧನ ಸಲಕರಣೆ ಕೊಡುವ ಯೋಜನೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಕೇಂದ್ರದ ಎಡಿಪ್ ಯೋಜನೆ 1981ರಿಂದ ಇದೆ. ಬಡ ಹಿರಿಯರಿಗಾಗಿ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಲ್ಲಿ ಬಂತು. ರಾಜ್ಯದ ಇಲಾಖೆ ಕೊಡುತ್ತದೆ, ಗ್ರಾಮ ಪಂಚಾಯಿತಿಗಳು ವಿಕಲಚೇತನರಿಗೆ ಮೀಸಲಿಟ್ಟ ಶೇ 5ರ ನಿಧಿಯಲ್ಲಿ ಕೊಡುತ್ತವೆ, ದಾನಿಗಳೂ ಕೊಡುತ್ತಾರೆ. ಆದ್ದರಿಂದ ಇನ್ನಷ್ಟು ಕೊಡಿ ಎಂದು ಕೇಳುವ ಪತ್ರ ಇದಲ್ಲ. ಶಿಬಿರ ಮುಗಿದ ದಿನ ಇಷ್ಟು ಫಲಾನುಭವಿಗಳಿಗೆ ಇಷ್ಟು ಸಲಕರಣೆ ವಿತರಿಸಲಾಯಿತು ಎಂಬ ವರದಿ ಹೋಗುತ್ತದೆ, ಕಡತ ಅಲ್ಲಿಗೆ ಮುಚ್ಚುತ್ತದೆ. ಅದೇ ಸಲಕರಣೆ ಮುಂದಿನ ವರ್ಷ ಇದೇ ಹೊತ್ತಿಗೆ ಬಳಕೆಯಲ್ಲಿದೆಯೇ, ಅಟ್ಟ ಸೇರಿದೆಯೇ ಎಂದು ತಿಳಿಯುವ ದಾರಿ ಇವತ್ತಿನ ವ್ಯವಸ್ಥೆಯಲ್ಲಿ ಇಲ್ಲ. ಆ ದಾರಿಯೊಂದನ್ನು ಮಾಡಿ ಎಂಬುದು ನಮ್ಮ ಬೇಡಿಕೆ. ಹೇಗೆ ಮಾಡಬಹುದು ಎಂಬುದನ್ನೂ ವಿವರವಾಗಿ ಬರೆಯುತ್ತಿದ್ದೇವೆ.

ವೀಲ್‌ಚೇರ್‌ನಿಂದಲೇ ಶುರುಮಾಡೋಣ, ಯಾಕೆಂದರೆ ಅತಿ ಹೆಚ್ಚು ತಪ್ಪಾಗುವುದು ಅಲ್ಲೇ. ಶಿಬಿರಗಳಲ್ಲಿ ಸಾಮಾನ್ಯವಾಗಿ ಸಿಗುವುದು 18 ಇಂಚು, ಅಂದರೆ ಸುಮಾರು 45 ಸೆಂ.ಮೀ. ಸೀಟಿನ ಮಡಚುವ ಕುರ್ಚಿ. ಆಸ್ಪತ್ರೆಯ ವರಾಂಡದಲ್ಲಿ ರೋಗಿಯನ್ನು ಎಕ್ಸ್‌ರೇ ಕೋಣೆಗೆ ತಳ್ಳಿಕೊಂಡು ಹೋಗಲು ಅದು ಸಾಕು. ದಿನಕ್ಕೆ ಎಂಟು ಗಂಟೆ ಅದರಲ್ಲೇ ಕೂರುವವರಿಗೆ ಸಾಲದು. ಸೊಂಟದ ಅಗಲ 33 ಸೆಂ.ಮೀ. ಇರುವ ಅಜ್ಜಿಯನ್ನು 45 ಸೆಂ.ಮೀ. ಸೀಟಿನಲ್ಲಿ ಕೂರಿಸಿದರೆ ಎರಡೂ ಬದಿಗೆ ಆರಾರು ಸೆಂ.ಮೀ. ಖಾಲಿ ಉಳಿಯುತ್ತದೆ. ದೇಹ ಒಂದು ಕಡೆಗೆ ವಾಲುತ್ತದೆ, ಭಾರವೆಲ್ಲ ಒಂದೇ ಪೃಷ್ಠದ ಮೂಳೆಯ ಮೇಲೆ ಬೀಳುತ್ತದೆ. ಗಾಲಿಯ ಹಿಡಿ ಎಟುಕದೆ ಹೆಗಲು ನೋಯುತ್ತದೆ. ಸೀಟಿನ ರೆಕ್ಸಿನ್ ಕೆಲವು ತಿಂಗಳಲ್ಲಿ ಜೋತುಬಿದ್ದು ತೊಟ್ಟಿಲಿನಂತಾಗುವುದರಿಂದ ತೊಡೆಗಳು ಒಳಕ್ಕೆ ಹೊರಳುತ್ತವೆ. ಕೊನೆಗೆ ಬೆಡ್‌ಸೋರ್ ಆಗುತ್ತದೆ. ಮನೆಯವರು ಕುರ್ಚಿಯನ್ನು ಮೂಲೆಗೆ ನಿಲ್ಲಿಸಿ ಅಜ್ಜಿಯನ್ನು ಮಂಚದಲ್ಲೇ ಮಲಗಿಸುತ್ತಾರೆ. ಇಲಾಖೆಯ ಪುಸ್ತಕದಲ್ಲಿ ಮಾತ್ರ ಆಕೆ ಈಗಲೂ ಫಲಾನುಭವಿ.

ಇದನ್ನು ತಪ್ಪಿಸಲು ಬೇಕಾದ ಅಳತೆ ನಾಲ್ಕೇ. ಗಟ್ಟಿ ಬೆಂಚಿನ ಮೇಲೆ ನೆಟ್ಟಗೆ ಕೂರಿಸಿ, ಪಾದ ನೇತಾಡದಂತೆ ಕೆಳಗೆ ಇಟ್ಟಿಗೆಯನ್ನೋ ದಪ್ಪ ಪುಸ್ತಕಗಳನ್ನೋ ಇಡಬೇಕು. ಸೊಂಟದ ಎರಡೂ ಬದಿಗೆ ರಟ್ಟಿನ ಪುಸ್ತಕ ಒತ್ತಿ ಹಿಡಿದು, ಆ ಎರಡರ ನಡುವಿನ ಅಂತರವನ್ನು ಟೇಪಿನಲ್ಲಿ ನೋಡಬೇಕು. ಟೇಪನ್ನು ತೊಡೆಯ ಮೇಲೆ ಹಾಯಿಸಿ ಅಳೆದರೆ ಉಬ್ಬೂ ಸೇರಿಕೊಂಡು ಅಳತೆ ಹೆಚ್ಚಾಗುತ್ತದೆ. ಸೀಟಿನ ಅಗಲ ಈ ಅಂತರಕ್ಕೆ ಸಮ ಇರಬೇಕು, ಹೆಚ್ಚೆಂದರೆ ಎರಡು ಸೆಂ.ಮೀ. ಜಾಸ್ತಿ. ಎರಡನೆಯದು ಬೆನ್ನಿನ ಹಿಂಬದಿಯಿಂದ ಮಂಡಿಯ ಹಿಂಬದಿವರೆಗಿನ ಉದ್ದ. ಇದನ್ನು ಎರಡೂ ಕಾಲಿಗೆ ನೋಡಿ, ಕಡಿಮೆ ಇರುವುದನ್ನು ಹಿಡಿದು, ಅದರಲ್ಲಿ 3ರಿಂದ 6 ಸೆಂ.ಮೀ. ಕಳೆದರೆ ಸೀಟಿನ ಆಳ ಬರುತ್ತದೆ. ಸೀಟು ಅದಕ್ಕಿಂತ ಆಳವಾಗಿದ್ದರೆ ಅಂಚು ಮಂಡಿಗೆ ಒತ್ತಿ, ಕೂತವರು ಮುಂದಕ್ಕೆ ಜಾರಿಕೊಂಡು ಬೆನ್ನು ಬಗ್ಗಿಸಿ ಕೂರುತ್ತಾರೆ. ಮೂರನೆಯದು ಮಂಡಿಯಿಂದ ಹಿಮ್ಮಡಿವರೆಗಿನ ಉದ್ದ. ಪಾದದ ಹಲಗೆಯನ್ನು ಇದಕ್ಕೆ ಹೊಂದಿಸಬೇಕು, ಹಲಗೆಗೂ ನೆಲಕ್ಕೂ ಕನಿಷ್ಠ 5 ಸೆಂ.ಮೀ. ಅಂತರ ಇರಬೇಕು. ನಾಲ್ಕನೆಯದು ಬೆನ್ನಿನ ಆಸರೆಯ ಎತ್ತರ. ತಾನೇ ಗಾಲಿ ತಿರುಗಿಸುವವರಿಗೆ ಅದು ಹೆಗಲಮೂಳೆಯ ಕೆಳಗೇ ನಿಲ್ಲಬೇಕು, ಇಲ್ಲದಿದ್ದರೆ ಕೈ ಹಿಂದಕ್ಕೆ ಹೋಗುವುದಿಲ್ಲ.

ಕುಶನ್ ಇಲ್ಲದ ಕುರ್ಚಿಯನ್ನು ಕೊಡಲೇಬಾರದು. ಸ್ಪರ್ಶಜ್ಞಾನ ಇಲ್ಲದವರಿಗಂತೂ ಅದು ಅಪಾಯ. ಕುಶನ್ ಸಾಕೋ ಇಲ್ಲವೋ ಎಂದು ತಿಳಿಯಲು ಯಂತ್ರ ಬೇಡ: ಕೂತವರ ಪೃಷ್ಠದ ಮೂಳೆಯ ಕೆಳಗೆ, ಕುಶನ್ನಿನ ಮೇಲೆ, ಬೆರಳ ತುದಿ ತೂರಿಸಿ. ಬೆರಳನ್ನು ಅರ್ಧ ಸೆಂ.ಮೀ.ನಷ್ಟು ಮೇಲೆ ಕೆಳಗೆ ಆಡಿಸಲು ಬಂದರೆ ಸರಿ. ಆಡಿಸಲಾಗದೆ ಹೊರಗೆಳೆಯಲು ಮಾತ್ರ ಬಂದರೆ ಎಚ್ಚರಿಕೆ. ಬೆರಳು ಸಿಕ್ಕಿಕೊಂಡರೆ ಆ ಕುಶನ್ ಕೆಲಸಕ್ಕೆ ಬಾರದು. ನಮ್ಮ ಮಲೆನಾಡಿನಲ್ಲಿ ಇನ್ನೊಂದು ತೊಂದರೆ: ಆರಿದ್ರಾ ಮಳೆ ಹಿಡಿದರೆ ಆಶ್ಲೇಷ ಮುಗಿಯುವವರೆಗೆ ಫೋಮ್ ಒಣಗುವುದಿಲ್ಲ. ಒದ್ದೆ ಫೋಮಿಗೆ ಬೂಷ್ಟು ಹಿಡಿಯುತ್ತದೆ, ಒದ್ದೆ ಚರ್ಮ ಬೇಗ ಹುಣ್ಣಾಗುತ್ತದೆ. ಅದಕ್ಕೇ ಒಳಗೊಂದು ನೀರು ಹೀರದ ಕವರ್, ಹೊರಗೊಂದು ತೊಳೆಯಬಹುದಾದ ಬಟ್ಟೆಯ ಕವರ್, ಬದಲಿಗೆ ಮತ್ತೊಂದು ಬಟ್ಟೆ ಕವರ್ ಇರಬೇಕು. ಜೋತುಬೀಳುವ ಸೀಟಿನ ಮೇಲೆ, ಕುಶನ್ನಿನ ಅಡಿಗೆ, 12 ಮಿ.ಮೀ. ಪ್ಲೈವುಡ್ ತುಂಡೊಂದನ್ನು ಅಂಚು ನಯಮಾಡಿ ಇಟ್ಟರೆ ಅರ್ಧ ಸಮಸ್ಯೆ ತೀರುತ್ತದೆ. ಇದನ್ನು ಊರಿನ ಬಡಗಿಯೇ ಮಾಡಿಕೊಡಬಲ್ಲ.

ಇನ್ನು ನೆಲದ ವಿಚಾರ. ಕಡೂರು, ಅಜ್ಜಂಪುರದ ಬಯಲೂ ಕಳಸ, ಕೊಪ್ಪ, ಶೃಂಗೇರಿಯ ಏರುಗಳೂ ಒಂದೇ ಜಿಲ್ಲೆಯಲ್ಲಿವೆ, ಒಂದೇ ಟೆಂಡರಿನಲ್ಲಿ ಒಂದೇ ಬಗೆಯ ಕುರ್ಚಿ ಎರಡೂ ಕಡೆಗೆ ಹೋಗುತ್ತದೆ. ಕಡೂರಿನ ಸಿಮೆಂಟ್ ರಸ್ತೆಯಲ್ಲಿ ಓಡುವ ಸಣ್ಣ, ತೆಳು ಮುಂಗಾಲಿ ಕಳಸದ ತೋಟದ ದಾರಿಯ ಕೆಸರಿನಲ್ಲಿ ಹೂತು ನಿಲ್ಲುತ್ತದೆ. ಹಿಂದಿನಿಂದ ತಳ್ಳುವವರು ಒತ್ತಿದರೆ ಕೂತವರು ಮುಗ್ಗರಿಸುತ್ತಾರೆ. ಏರು ದಾರಿಯ ಅಪಾಯ ಬೇರೆ: ಹಿಂಗಾಲಿಯ ಅಚ್ಚು ಬೆನ್ನಿನ ಆಸರೆಯ ಕೆಳಗೇ ಇರುವ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಅಚ್ಚನ್ನು ಹಿಂದೆ ಸರಿಸಿದರೆ ಮಗುಚುವುದಿಲ್ಲ, ಆದರೆ ಮುಂಗಾಲಿಗೆ ಭಾರ ಹೆಚ್ಚಾಗಿ ತಿರುಗಿಸುವುದು ಕಷ್ಟ. ಆದ್ದರಿಂದ ಅಚ್ಚಿನ ಜಾಗ ಬದಲಿಸಬಹುದಾದ ಕುರ್ಚಿಯೇ ಬೇಕು. ಗುಡ್ಡದ ಹಳ್ಳಿಗಳಿಗೆ ಮುಂದೆ ಒಂದೇ ದೊಡ್ಡ ಗಾಲಿ ಇರುವ, ಉದ್ದನೆಯ ಮೂರು ಗಾಲಿಯ ಕುರ್ಚಿ ಹೊರಗಿನ ಓಡಾಟಕ್ಕೆ ಒಳ್ಳೆಯದು. ಮನೆಯೊಳಗೆ ತಿರುಗಲು ಅದಕ್ಕೆ ಜಾಗ ಸಾಲದು ಎಂಬುದನ್ನೂ ಮೊದಲೇ ಹೇಳಿ ಕೊಡಬೇಕು.

ಹಾಗಾಗಿ ಮುಂದಿನ ಟೆಂಡರಿನಲ್ಲಿ ಇಷ್ಟಾದರೂ ಇರಲಿ: 35, 40, 45 ಸೆಂ.ಮೀ. ಮೂರು ಅಗಲದ ಸೀಟು, ಏರಿಳಿಸಬಹುದಾದ ಪಾದದ ಹಲಗೆ, ಹಿಂದೆ ಮುಂದೆ ಸರಿಸಬಹುದಾದ ಅಚ್ಚು, 20 ಸೆಂ.ಮೀ.ಗೆ ಕಡಿಮೆಯಿಲ್ಲದ, 4 ಸೆಂ.ಮೀ. ಅಗಲದ ಮುಂಗಾಲಿ; ನೀರು ಮಣ್ಣು ನುಗ್ಗದಂತೆ ಸೀಲ್ ಇರುವ ಬೇರಿಂಗ್; ಜೊತೆಗೇ ಕುಶನ್. ಬೆಲೆ ಏರುತ್ತದೆ, ನಿಜ. ಆದರೆ ಅಟ್ಟದ ಮೇಲೆ ಕೂತ ಅಗ್ಗದ ಕುರ್ಚಿಯ ಬೆಲೆಯನ್ನೂ ಸರ್ಕಾರವೇ ಕೊಟ್ಟಿರುತ್ತದೆ.

ಟಯರ್ ಬಗ್ಗೆ ಒಂದು ಮಾತು. ಟಯರ್ ಮೇಲೆ 24 ಇಂಚು ಎಂದು ಬರೆದಿದೆ ಎಂದು ನಂಬಿ ಸೈಕಲ್ ಅಂಗಡಿಯಿಂದ ತಂದರೆ ಕೂರುವುದಿಲ್ಲ. 24 ಇಂಚಿನ ದಪ್ಪ ಟಯರಿನ ಸೈಕಲ್ಲಿನ ರಿಮ್ಮಿಗೆ ಬರುವುದು 507 ಮಿ.ಮೀ. ಒಳವ್ಯಾಸದ ಟಯರ್; ವೀಲ್‌ಚೇರಿನ 24 × 1⅜ ಟಯರ್ ಸಾಮಾನ್ಯವಾಗಿ 540 ಮಿ.ಮೀ. ಇಷ್ಟು ಗೊತ್ತಿಲ್ಲದೆ ತಿಂಗಳುಗಟ್ಟಲೆ ನಿಂತ ಕುರ್ಚಿಗಳಿವೆ.

ಬ್ಯಾಟರಿ ತ್ರಿಚಕ್ರಗಳದು ಇನ್ನೊಂದು ಕಥೆ. ಲೆಡ್ ಆಸಿಡ್ ಬ್ಯಾಟರಿಯನ್ನು ಖಾಲಿ ಮಾಡಿ ಮಳೆಗಾಲವಿಡೀ ಹಾಗೇ ಬಿಟ್ಟರೆ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಅದು ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಗಾಡಿ ಹೊರಗೆ ತೆಗೆಯದಿದ್ದರೂ ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡಬೇಕು. 12 ವೋಲ್ಟಿನ ಬ್ಯಾಟರಿ ಪೂರ್ತಿ ತುಂಬಿ ಸ್ವಲ್ಪ ಹೊತ್ತು ಬಿಟ್ಟ ಮೇಲೆ 12.7ರ ಆಸುಪಾಸು ತೋರಿಸಬೇಕು. 12ಕ್ಕೆ ಇಳಿದರೆ ಬಹುಪಾಲು ಖಾಲಿ ಎಂದೇ ಅರ್ಥ. ವಿತರಣೆಯ ದಿನ ಕೀಲಿಕೈ ಕೊಡುವಾಗ ಈ ಎರಡು ಮಾತನ್ನು ಕನ್ನಡದಲ್ಲಿ ಬರೆದ ಚೀಟಿಯನ್ನು ಹ್ಯಾಂಡಲಿಗೆ ಕಟ್ಟಿ ಕೊಡಿ. ಕಡಿದಾದ ಏರಿನ ಊರಿಗೆ ಈ ಗಾಡಿ ಕೊಡುವ ಮುನ್ನ ಒಮ್ಮೆ ಆ ಏರಿನಲ್ಲೇ ಓಡಿಸಿ ನೋಡುವುದು ಒಳ್ಳೆಯದು. ಏರು ಹತ್ತಲಾಗದೆ ಕರೆಂಟ್ ಎಳೆದೂ ಎಳೆದೂ ಮೋಟರ್ ಸುಟ್ಟುಹೋಗುತ್ತದೆ.

ರ‍್ಯಾಂಪ್ ಎಂದರೆ ಮೆಟ್ಟಿಲ ಪಕ್ಕ ಸಿಮೆಂಟ್ ಸುರಿದು ಇಳಿಜಾರು ಮಾಡುವುದು ಎಂದಾಗಿಬಿಟ್ಟಿದೆ. 1:12 ಎಂಬ ಮಾನದಂಡದ ಅರ್ಥ ಸರಳ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಪಂಚಾಯಿತಿ ಕಚೇರಿಗೆ ಮೂರು ಮೆಟ್ಟಿಲು, ಒಟ್ಟು 45 ಸೆಂ.ಮೀ. ಎತ್ತರವಿದ್ದರೆ ರ‍್ಯಾಂಪ್ 5.4 ಮೀಟರ್ ಬೇಕು. ಎರಡು ಮೀಟರಿನಲ್ಲಿ ಮುಗಿಸಿದ್ದು ಹತ್ತಲು ಬಾರದು, ಇಳಿಯಲು ಅಪಾಯ. ಬೈಕ್ ಹತ್ತಿಸಲು ಮಾತ್ರ ಅನುಕೂಲ. ಉದ್ದಕ್ಕೆ ಜಾಗ ಇಲ್ಲದಿದ್ದರೆ ನಡುವೆ ಒಂದೂವರೆ ಮೀಟರ್ ಸಮತಟ್ಟು ಬಿಟ್ಟು ತಿರುಗಿಸಬೇಕು. ಮೇಲ್ಮೈಯನ್ನು ಕರಣೆಯಲ್ಲಿ ತಿಕ್ಕಿ ನುಣುಪು ಮಾಡಬಾರದು, ಹಸಿಯಿರುವಾಗಲೇ ಪೊರಕೆಯಲ್ಲಿ ಅಡ್ಡ ಗೆರೆ ಎಳೆಯಬೇಕು. ಮಲೆನಾಡಿನ ಪಾಚಿಗೆ ಅದೂ ಸಾಲದು, ಮಳೆಗಾಲದಲ್ಲಿ ಆಗಾಗ ಉಜ್ಜಿ ಬ್ಲೀಚಿಂಗ್ ಪೌಡರ್ ಹಾಕಲೇಬೇಕು. ತೋಟದ ಮನೆಗಳಲ್ಲಿ ಅಡಿಕೆ ದಬ್ಬೆ ಹಾಸಿ ಇಳಿಜಾರು ಮಾಡಿಕೊಳ್ಳುವುದುಂಟು. ಅದರ ಮೇಲೆ ಕೋಳಿ ಬಲೆ ಬಿಗಿದು ಮೊಳೆ ಹೊಡೆದರೆ ಕಾಲೂ ಜಾರದು, ಗಾಲಿಯೂ ಜಾರದು. ಅಡ್ಡಪಟ್ಟಿ ಹೊಡೆದರೆ ಮುಂಗಾಲಿ ತಡೆದು ನಿಲ್ಲುತ್ತದೆ.

ವಯಸ್ಸಾದವರಿಗೆ ಹಂಚುವ ಊರುಗೋಲಿನ ವಿಷಯ ಚಿಕ್ಕದು ಎನಿಸಬಹುದು. ಆದರೆ ಬಿದ್ದು ತೊಡೆಮೂಳೆ ಮುರಿದುಕೊಂಡ ಹಿರಿಯರಲ್ಲಿ ಎಷ್ಟೋ ಮಂದಿ ಮತ್ತೆ ಮೊದಲಿನಂತೆ ನಡೆಯುವುದಿಲ್ಲ. ಚಪ್ಪಲಿ ಹಾಕಿ ನಿಂತಾಗ, ತೋಳು ಇಳಿಬಿಟ್ಟರೆ, ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಕೋಲನ್ನು ನೋವಿಲ್ಲದ ಕಾಲಿನ ಕಡೆಯ ಕೈಯಲ್ಲಿ ಹಿಡಿಯಬೇಕು. ಬಹಳಷ್ಟು ಜನ ನೋವಿನ ಕಡೆಗೇ ಹಿಡಿಯುತ್ತಾರೆ, ಯಾರೂ ಹೇಳಿಕೊಟ್ಟಿರುವುದಿಲ್ಲ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಕೋಲಿನ ಜೊತೆ ನೋವಿನ ಕಾಲು ಮೊದಲು. ನಾಲ್ಕು ಕಾಲಿನ ಕೋಲು ಸಮತಟ್ಟು ನೆಲಕ್ಕೆ ಸರಿ. ಇಳಿಜಾರಿನ ಅಂಗಳದಲ್ಲಿ ಅದರ ಎರಡೇ ಕಾಲು ನೆಲಕ್ಕೆ ತಾಗುವುದರಿಂದ ಸಾದಾ ಕೋಲಿಗಿಂತ ಕಡೆ. ಬಗಲುಕೋಲಿನ ಮೇಲ್ಭಾಗ ಕಂಕುಳಿನಿಂದ ಎರಡು ಮೂರು ಬೆರಳು ಕೆಳಗಿರಬೇಕು, ಭಾರ ಅಂಗೈ ಮೇಲೆ ಬೀಳಬೇಕು. ಕಂಕುಳಲ್ಲೇ ಜೋತುಬಿದ್ದರೆ ನರ ಒತ್ತಿ ಮಣಿಕಟ್ಟು ಬಲ ಕಳೆದುಕೊಳ್ಳುತ್ತದೆ. ಇವೆಲ್ಲದರ ತುದಿಯ ರಬ್ಬರ್ ಬುಷ್ ಸವೆದರೆ ಒಳಗಿನ ಲೋಹ ಸಿಮೆಂಟ್ ನೆಲಕ್ಕೆ ತಾಗಿ ಜಾರುತ್ತದೆ. ಅಷ್ಟು ಅಗ್ಗದ ಆ ಬುಷ್ ತಾಲ್ಲೂಕಿನಲ್ಲಿ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಉತ್ತರ ಸಿಗುವುದು ಅಪರೂಪ.

ಹಿರಿಯರು ಬೀಳುವುದು ಹೆಚ್ಚಾಗಿ ಬಚ್ಚಲಲ್ಲಿ. ಹಿಡಿಕಂಬಿ ಹಾಕಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಮಣ್ಣಿನ ಗೋಡೆಗೋ ಜಂಬಿಟ್ಟಿಗೆ ಗೋಡೆಗೋ ರಾವಲ್ ಪ್ಲಗ್ ಹೊಡೆದು ಕಂಬಿ ಕೂರಿಸಿದರೆ ಅದು ಬೀಳುವವರ ಜೊತೆಗೇ ಕಿತ್ತು ಬರುತ್ತದೆ. ಇಂಥ ಗೋಡೆಗೆ ಆಚೆ ಬದಿವರೆಗೆ ಬೋಲ್ಟ್ ತೂರಿಸಿ, ಹೊರಗೆ ಕೈಯಗಲದ ಕಬ್ಬಿಣದ ಪ್ಲೇಟ್ ಕೊಟ್ಟು ನಟ್ ಬಿಗಿಯಬೇಕು. ಆಗದಿದ್ದರೆ ನೆಲದಲ್ಲಿ ಕಾಂಕ್ರೀಟ್ ಹಾಕಿ ಕಂಬವನ್ನೇ ನಿಲ್ಲಿಸಬೇಕು. ಪೈಪಿನ ದಪ್ಪ 32ರಿಂದ 40 ಮಿ.ಮೀ., ಗೋಡೆಗೂ ಪೈಪಿಗೂ 4 ಸೆಂ.ಮೀ. ಅಂತರ. ಎಸ್ಟೇಟ್ ಲೈನ್ ಮನೆಗಳಲ್ಲಿ ಶೌಚಾಲಯ ಮನೆಯಿಂದ ದೂರ, ದಾರಿ ಜಾರು, ಒಳಗೆ ಕುಕ್ಕರಗಾಲಲ್ಲಿ ಕೂರುವ ಪ್ಯಾನು. ಅದರ ಮೇಲಿಡುವ ಕಮೋಡ್ ಕುರ್ಚಿ ಸುಮಾರು 45 ಸೆಂ.ಮೀ. ಎತ್ತರವಿದ್ದು, ನಾಲ್ಕೂ ಕಾಲು ಪ್ಯಾನಿನ ಅಂಚಿನಿಂದ ಆಚೆ ಗಟ್ಟಿ ನೆಲದ ಮೇಲೆ ಕೂರುವಷ್ಟು ಅಗಲವಿದೆಯೇ ಎಂದು ಅಳೆದೇ ಕೊಡಬೇಕು.

ಕಿವಿ ಮೆಷಿನ್ ಬಗ್ಗೆ ದೂರು ಬಂದರೆ ಹತ್ತರಲ್ಲಿ ಹೆಚ್ಚಿನವು ಮೆಷಿನ್ ಕೆಟ್ಟದ್ದಲ್ಲ. ಕುಂಯ್ ಎಂದು ಕೂಗಿದರೆ ಕಿವಿಯೊಳಗೆ ಕೂರುವ ಅಚ್ಚು ಸಡಿಲವಾಗಿದೆ ಅಥವಾ ಸರಿಯಾಗಿ ಕೂತಿಲ್ಲ. ಸದ್ದೇ ಇಲ್ಲದಿದ್ದರೆ ಅಚ್ಚಿನ ತೂತಿನಲ್ಲಿ ಗುಗ್ಗೆ, ಕೊಳವೆಯಲ್ಲಿ ನೀರಿನ ಹನಿ, ಇಲ್ಲವೇ ಸತ್ತ ಸೆಲ್. ಕೊಳವೆ ಕೆಲವು ತಿಂಗಳಲ್ಲಿ ಹಳದಿಯಾಗಿ ಗಟ್ಟಿಯಾಗುತ್ತದೆ, ಅದನ್ನು ಬದಲಿಸಬೇಕು. ಜಿಂಕ್ ಏರ್ ಸೆಲ್ಲಿನ ಸ್ಟಿಕರ್ ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಬೇಕು. ಒಮ್ಮೆ ಕಿತ್ತರೆ ಬಳಸಲಿ ಬಿಡಲಿ ಅದು ಖರ್ಚಾಗುತ್ತಲೇ ಇರುತ್ತದೆ. ಸ್ಟಿಕರಿನ ಬಣ್ಣವೇ ಅಳತೆಯ ಗುರುತು: ಕಿತ್ತಳೆ 13, ನೀಲಿ 675, ಕಂದು 312, ಹಳದಿ 10. ಮಳೆಗಾಲದಲ್ಲಿ ರಾತ್ರಿ ಸೆಲ್ ತೆಗೆದು, ಮೆಷಿನ್ನನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಮತ್ತೂ ಮುಖ್ಯವಾದದ್ದು, ಕಿವಿ ಪರೀಕ್ಷೆಯ ನಕ್ಷೆ ಇಲ್ಲದೆ ಎಲ್ಲರಿಗೂ ಒಂದೇ ಸೆಟ್ಟಿಂಗ್‌ನಲ್ಲಿ ಮೆಷಿನ್ ಹಂಚುವುದನ್ನು ದಯವಿಟ್ಟು ನಿಲ್ಲಿಸಿ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ತರಬೇತಿಗೆ ದೂರ ಹೋಗಬೇಕಿಲ್ಲ.

ಕೃತಕ ಕಾಲಿನ ವಿಷಯದಲ್ಲಿ ಒಂದೇ ಮಾತು ಸಾಕು. ಕಾಲು ತೆಗೆದ ಮೊದಲ ವರ್ಷ ಉಳಿದ ಭಾಗ ಸಣ್ಣಗಾಗುತ್ತಲೇ ಇರುತ್ತದೆ, ಸಾಕೆಟ್ ಸಡಿಲವಾಗುತ್ತದೆ. ಮೊದಲು ಒಂದು, ಆಮೇಲೆ ಎರಡು ಮೂರು ಕಾಲುಚೀಲ ಸೇರಿಸಿ ಹೊಂದಿಸಬಹುದು, ಅದಕ್ಕೂ ಮೀರಿದರೆ ಹೊಸ ಸಾಕೆಟ್ಟೇ ಬೇಕು. ಅದೇ ಸಾಧನಕ್ಕೆ ಮತ್ತೆ ಅರ್ಜಿ ಹಾಕಲು ಮೂರು ವರ್ಷ ಕಾಯಿರಿ ಎನ್ನುವ ನಿಯಮ ದೇಹಕ್ಕೆ ಗೊತ್ತಿಲ್ಲ. ಈ ನಡುವಿನ ಸಾಕೆಟ್ ಬದಲಾವಣೆಗೆ ಜಿಲ್ಲೆಯ ನಿಧಿಯಲ್ಲಿ ಪ್ರತ್ಯೇಕ ದಾರಿ ಮಾಡಬೇಕು. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರಿಗೆ ಇದು ಇನ್ನೂ ತುರ್ತು, ಸಾಕೆಟ್ ಉಜ್ಜಿದ ಗಾಯ ಅವರಿಗೆ ತಿಳಿಯುವುದೇ ಇಲ್ಲ.

ಈಗ ನಮ್ಮ ಬೇಡಿಕೆ. ಪ್ರತಿ ತಾಲ್ಲೂಕು ಕೇಂದ್ರದಲ್ಲಿ, ತಾಲ್ಲೂಕು ಆಸ್ಪತ್ರೆಯ ಆವರಣದಲ್ಲೋ ತಾಲ್ಲೂಕು ಪಂಚಾಯಿತಿಯ ಮಳಿಗೆಯಲ್ಲೋ, ಒಂದು ಅಳತೆ ಮತ್ತು ರಿಪೇರಿ ಕೊಠಡಿ ಬೇಕು. ಹತ್ತಡಿ ಹದಿನೈದಡಿ ಜಾಗ, ಒಂದು ಗಟ್ಟಿ ಮೇಜು, ಒಂದು ವೈಸ್, ಡ್ರಿಲ್, 8ರಿಂದ 19ರವರೆಗಿನ ಸ್ಪ್ಯಾನರ್, ಅಲೆನ್ ಕೀ ಸೆಟ್, ಪಂಚರ್ ಸಾಮಾನು, ಗ್ರೀಸ್ ಗನ್, ಮಲ್ಟಿಮೀಟರ್. ಬಿಡಿಭಾಗಗಳಲ್ಲಿ ಆರಂಭಕ್ಕೆ 24 × 1⅜ ಟಯರ್ ಟ್ಯೂಬ್ ಹತ್ತು ಜೊತೆ, ಮುಂಗಾಲಿ ಹತ್ತು, ಬೇರಿಂಗ್ ನಲವತ್ತು, ಬ್ರೇಕ್ ಆರು ಜೊತೆ, ಕೋಲಿನ ಬುಷ್ 19, 22, 25 ಮಿ.ಮೀ. ಅಳತೆಯಲ್ಲಿ ಐವತ್ತೈವತ್ತು, ಕಿವಿ ಮೆಷಿನ್ನಿನ ಕೊಳವೆ ಹತ್ತು ಮೀಟರ್, 13 ಮತ್ತು 675 ಸೆಲ್. ಬುಷ್ ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತದೆ. ಯಾವ ಕಂಪನಿಯಿಂದ ಸಲಕರಣೆ ಕೊಂಡರೂ ಒಟ್ಟು ಬೆಲೆಯ ಶೇ 10ರಷ್ಟು ಬಿಡಿಭಾಗವಾಗಿಯೇ ಬರಬೇಕು ಎಂಬ ಷರತ್ತು ಹಾಕಿದರೆ ಈ ದಾಸ್ತಾನು ತಾನಾಗಿ ತುಂಬುತ್ತದೆ.

ಕೆಲಸ ಮಾಡುವವರು ಯಾರು? ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಯಾರ ಮನೆಗೆ ಯಾವ ದಾರಿ ಎಂಬುದು ಅವರಿಗೆ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆ ವೀಲ್‌ಚೇರ್ ಸೇವೆಗೆ ರೂಪಿಸಿರುವ ಮೂಲ ತರಬೇತಿ ಸುಮಾರು ಐದು ದಿನದ್ದು. ಅಳತೆ, ಹೊಂದಾಣಿಕೆ, ಬಳಕೆ ಕಲಿಸುವುದು, ಮತ್ತೆ ಹೋಗಿ ನೋಡುವುದು ಎಲ್ಲ ಅದರಲ್ಲಿದೆ. ಬೆಂಗಳೂರಿನಲ್ಲಿ 1994ರಿಂದ ಇರುವ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳಿಗೆ ಇಂಥ ತರಬೇತಿಯ ಅನುಭವವಿದೆ. ಆದರೆ ಗೌರವಧನದ ಮೇಲೆ ದುಡಿಯುವ ಕಾರ್ಯಕರ್ತರಿಗೆ ಈ ಕೆಲಸವನ್ನೂ ಪುಕ್ಕಟೆ ಹೊರಿಸಬೇಡಿ. ಮನೆಭೇಟಿಗೆ ಪ್ರಯಾಣ ಭತ್ಯೆ ಕೊಡಿ. ರಿಪೇರಿಗೆ ಊರಿನ ಸೈಕಲ್ ಅಥವಾ ವೆಲ್ಡಿಂಗ್ ಅಂಗಡಿಯವರನ್ನು ಕೆಲಸದ ಲೆಕ್ಕದಲ್ಲಿ ಗೊತ್ತು ಮಾಡಿ, ಪಂಚಾಯಿತಿಯ ಶೇ 5ರ ನಿಧಿಯಲ್ಲಿ ಬಿಲ್ ಪಾವತಿಸಿ. ವಿಕಲಚೇತನರೇ ಈ ಕೆಲಸ ಕಲಿತರೆ ಇನ್ನೂ ಒಳ್ಳೆಯದು, ಕುರ್ಚಿಯ ಯಾವ ಸದ್ದಿಗೆ ಏನರ್ಥ ಎಂದು ಕೂತವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಸಂಶೋಧನೆ ಎಂಬ ದೊಡ್ಡ ಮಾತು ಇಲ್ಲಿ ಬರುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 28ನೇ ಕಲಂ ಪುನರ್ವಸತಿ ಸಂಶೋಧನೆಯನ್ನು ಸರ್ಕಾರದ ಹೊಣೆ ಎನ್ನುತ್ತದೆ. ಐಐಟಿ ಮದ್ರಾಸಿನ ಟಿಟಿಕೆ ಆರ್2ಡಿ2 ಎಂಬ ಪುನರ್ವಸತಿ ಸಾಧನ ಸಂಶೋಧನಾ ಕೇಂದ್ರದಿಂದ 2019ರಲ್ಲಿ ಎದ್ದು ನಿಲ್ಲಿಸುವ 'ಅರೈಸ್' ಕುರ್ಚಿ ಬಂತು, ಆಮೇಲೆ ಮೈಯಳತೆಗೆ ಹೊಂದಿಸುವ ಕುರ್ಚಿಯೂ 'ಕದಂ' ಎಂಬ ಕೃತಕ ಮಂಡಿಯೂ ಬಂದವು. ಅಂಥದನ್ನು ನಾವು ಇಲ್ಲಿ ಮಾಡಬೇಕಿಲ್ಲ. ನಮ್ಮ ಜಿಲ್ಲೆ ಮಾಡಬಹುದಾದ ಸಂಶೋಧನೆ ಒಂದು ರಿಜಿಸ್ಟರಿನಲ್ಲಿದೆ. ಕೊಟ್ಟ ಪ್ರತಿ ಸಲಕರಣೆಗೆ ಒಂದು ನಂಬರ್, ಅದರ ಮುಂದೆ: ಕೊಟ್ಟ ದಿನಾಂಕ, ಬಳಸುವವರ ಅಳತೆ, ಮನೆಯ ನೆಲ ಮತ್ತು ದಾರಿ ಎಂಥದು, ಒಂದು ತಿಂಗಳು, ಆರು ತಿಂಗಳು, ಹನ್ನೆರಡು ತಿಂಗಳಲ್ಲಿ ದಿನಕ್ಕೆ ಎಷ್ಟು ಹೊತ್ತು ಬಳಕೆ, ಯಾವ ಭಾಗ ಯಾವಾಗ ಮುರಿಯಿತು, ಹುಣ್ಣಾಗಿತ್ತೇ, ಬಿಟ್ಟುಬಿಟ್ಟಿದ್ದರೆ ಏಕೆ. ಎರಡು ಮಳೆಗಾಲ ಇದನ್ನು ಪ್ರಾಮಾಣಿಕವಾಗಿ ಬರೆದರೆ ಯಾವ ಮುಂಗಾಲಿ ಕೊಪ್ಪದಲ್ಲಿ ಎಷ್ಟು ತಿಂಗಳು ಬಾಳುತ್ತದೆ, ಕಡೂರಿನಲ್ಲಿ ಎಷ್ಟು ಎಂದು ಟೆಂಡರ್ ಬರೆಯುವ ಗುಮಾಸ್ತರೂ ಹೇಳಬಲ್ಲರು. ಹೆಸರು, ಆಧಾರ್ ಸಂಖ್ಯೆ ಈ ಹಾಳೆಗೆ ಬೇಡ. ಬರೆದುಕೊಳ್ಳುವ ಮುನ್ನ ಒಪ್ಪಿಗೆ ಕೇಳಬೇಕು, ವೈದ್ಯಕೀಯ ಕಾಲೇಜಿನ ನೈತಿಕ ಸಮಿತಿಯ ಅನುಮತಿಯನ್ನೂ ಪಡೆಯಬೇಕು.

ಚಿಕ್ಕಮಗಳೂರು, ಹಾಸನದ ಎಂಜಿನಿಯರಿಂಗ್ ಕಾಲೇಜುಗಳಿಗೂ ಇದರಲ್ಲಿ ಕೆಲಸವಿದೆ. ನಾಡಿನ ಯಾವ ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೋದರೂ ಮಾತಿಗೆ ಓಡುವ ವೀಲ್‌ಚೇರ್ ಮತ್ತು ಸೆನ್ಸರ್ ಕಟ್ಟಿದ ಕೋಲು ಇದ್ದೇ ಇರುತ್ತವೆ. ಮಾರ್ಕ್ಸ್ ಬಂದ ಮೇಲೆ ಅವು ಕಪಾಟು ಸೇರುತ್ತವೆ. ಆ ಮಕ್ಕಳಿಗೆ ರಿಜಿಸ್ಟರಿನಿಂದ ನಿಜವಾದ ಪ್ರಶ್ನೆ ಕೊಡಿ: ಪಾಚಿ ನೆಲದಲ್ಲಿ ಹಿಡಿತ ಬಿಡದ ಬುಷ್, ಮಳೆಗಾಲದಲ್ಲಿ ಒಂದು ರಾತ್ರಿಗೆ ಒಣಗುವ ಕುಶನ್ ಕವರ್, ಜಂಬಿಟ್ಟಿಗೆ ಗೋಡೆಗೆ ನಿಲ್ಲುವ ಹಿಡಿಕಂಬಿ.

ಕೊನೆಯದಾಗಿ ಶಿಬಿರದ ದಿನ. ಮುಂಗಾರಿನಲ್ಲಿ ಅಳತೆ ಶಿಬಿರ ಇಟ್ಟರೆ ಗುಡ್ಡದ ಮೇಲಿನವರು ಬರಲಾರರು. ನವೆಂಬರಿನಿಂದ ಫೆಬ್ರುವರಿವರೆಗೆ ಕಾಫಿ ಕೊಯ್ಲು, ಕರೆತರುವವರಿಗೆ ಒಂದು ದಿನದ ಕೂಲಿ ಹೋಗುತ್ತದೆ. ಮಾರ್ಚಿನಲ್ಲಿ, ಆಯಾ ಹೋಬಳಿಯ ಸಂತೆಯ ದಿನ, ಸಂತೆ ನಡೆಯುವ ಊರಿನಲ್ಲೇ ಅಳತೆ ತೆಗೆಯಿರಿ. ಹೊಂದಿಸಿದ ಸಲಕರಣೆ ಮೇ ಮುಗಿಯುವುದರೊಳಗೆ ಮನೆ ಸೇರಲಿ. ಮೊದಲ ತಪಾಸಣೆ ಜೂನ್ ಮಳೆ ಹಿಡಿದ ಹದಿನೈದು ದಿನದೊಳಗೆ, ಮನೆಬಾಗಿಲಲ್ಲೇ ಆಗಲಿ. ಈ ವೇಳಾಪಟ್ಟಿಯನ್ನು ಮುಂದಿನ ಕೆಡಿಪಿ (ಜಿಲ್ಲೆಯ ಅಭಿವೃದ್ಧಿ ಕೆಲಸಗಳ ಪ್ರಗತಿ ಪರಿಶೀಲನೆ) ಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದೂ, ಕೊಠಡಿ ಮೊದಲು ಕಳಸ ಮತ್ತು ಕಡೂರಿನಲ್ಲಿ ಆರಂಭವಾಗಬೇಕೆಂದೂ ಕೋರುತ್ತೇವೆ.

ಇಂತಿ,
ಪುನರ್ವಸತಿ ಮತ್ತು ಸಲಕರಣೆ ಜೋಡಣೆಯ ಕೆಲಸದಲ್ಲಿರುವವರು,
ಚಿಕ್ಕಮಗಳೂರು ಜಿಲ್ಲೆ